ಒಂದು ರಾತ್ತಲು ಧಾನ್ಯ

ಧಾತು ಮತ್ತು ಈಶ್ವರ ಎಂಬ ಸಂವತ್ಸರಗಳ ಹೆಸರು ಪಂಚಾಂಗದ ಅರವತ್ತರ ಚಕ್ರದಲ್ಲಿ ಮಿಕ್ಕವುಗಳಂತೆಯೇ ಬಂದುಹೋಗತಕ್ಕವು. ಆದರೆ ಕನ್ನಡನಾಡಿನ ಬಯಲುಸೀಮೆಯ ನೆನಪಿನಲ್ಲಿ ಇವೆರಡು ಹೆಸರುಗಳು ಬಹುಕಾಲ ಜೋಡಿಯಾಗಿ ಉಳಿದುವು. ‘ಧಾತು-ಈಶ್ವರ’ ಎಂದರೆ ಸಾಕಾಗಿತ್ತು. ಬರವೆಂಬ ಮಾತನ್ನು ಬೇರೆಯಾಗಿ ಸೇರಿಸಬೇಕಾಗಿರಲಿಲ್ಲ. ಕ್ರಿಸ್ತಶಕದ ಲೆಕ್ಕದಲ್ಲಿ ಅದು ೧೮೭೬ರಿಂದ ೧೮೭೮ರವರೆಗಿನ ಕಾಲ. ಮದರಾಸು ಆಧಿಪತ್ಯದ ಬಹುಪಾಲು ಜಿಲ್ಲೆಗಳು, ಮೈಸೂರು ಸಂಸ್ಥಾನ, ಹೈದರಾಬಾದಿನ ಒಂದು ಭಾಗ, ಮುಂಬಯಿ ಆಧಿಪತ್ಯದ ದಖ್ಖಣ ಮತ್ತು ಕನ್ನಡ ಜಿಲ್ಲೆಗಳು, ಇಷ್ಟೂ ಪ್ರದೇಶ ಆ ಕ್ಷಾಮದ ತೆಕ್ಕೆಗೆ ಸಿಕ್ಕಿತು. ಬ್ರಿಟಿಷ್ ಸರ್ಕಾರವೇ ಮುಂದೆ ನೇಮಿಸಿದ ಕ್ಷಾಮ ಆಯೋಗದ ಅಂದಾಜಿನಂತೆ ಸತ್ತವರ ಸಂಖ್ಯೆ ೫೦ ಲಕ್ಷಕ್ಕೂ ಮಿಗಿಲು.

ಬರದ ಚರಿತ್ರೆಯನ್ನು ಮಳೆಯ ಚರಿತ್ರೆಯಾಗಿ ಹೇಳುವುದು ವಾಡಿಕೆ. ಮಳೆ ಹೋಯಿತು, ಬೆಳೆ ಒಣಗಿತು, ಜನ ಸತ್ತರು ಎಂದು ಮೂರು ವಾಕ್ಯಗಳಲ್ಲಿ ಮುಗಿಸಿಬಿಡಬಹುದು. ಆದರೆ ಮೊದಲನೆಯ ವಾಕ್ಯಕ್ಕೂ ಮೂರನೆಯದಕ್ಕೂ ನಡುವೆ ಒಂದು ತಕ್ಕಡಿ ಇದೆ. ಹಸಿದವನಿಗೆ ದಿನಕ್ಕೆ ಎಷ್ಟು ಕೊಡಬೇಕು, ಎಷ್ಟು ಕೊಟ್ಟರೆ ಸಾಕು, ಎಷ್ಟು ಕೊಟ್ಟರೆ ದುಂದು ಎಂಬುದನ್ನು ಯಾರೋ ಎಲ್ಲಿಯೋ ಕುಳಿತು ತೂಗಿ ನಿರ್ಣಯಿಸುತ್ತಾರೆ. ಧಾತು-ಈಶ್ವರದ ಕಾಲದಲ್ಲಿ ಹೀಗೆ ತೂಗಿದವರ ಹೆಸರುಗಳೂ, ಅವರು ತೂಗಿದ ಪ್ರಮಾಣವೂ, ಅದರ ಮೇಲೆ ನಡೆದ ಜಗಳವೂ ದಾಖಲೆಗಳಲ್ಲಿ ಉಳಿದಿವೆ. ಇಂದಿನ ಮಾತು ಮುಖ್ಯವಾಗಿ ಆ ತಕ್ಕಡಿಯನ್ನು ಕುರಿತದ್ದು.

ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಿ ಬಿಹಾರದಿಂದ ಆರಂಭಿಸಬೇಕು. ೧೮೭೩-೭೪ರಲ್ಲಿ ಬಿಹಾರದಲ್ಲಿಯೂ ಬಂಗಾಳದಲ್ಲಿಯೂ ಬೆಳೆ ಕೆಟ್ಟು ಕ್ಷಾಮದ ಲಕ್ಷಣಗಳು ತೋರಿದುವು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, ೧೮೬೬ರಲ್ಲಿ, ಒರಿಸ್ಸಾದಲ್ಲಿ ಸರ್ಕಾರ ಕಣ್ಣು ಮುಚ್ಚಿ ಕುಳಿತಿದ್ದರಿಂದ ಲಕ್ಷಾಂತರ ಜನ ಸತ್ತು, ಆಡಳಿತಕ್ಕೆ ತಲೆಯೆತ್ತದಂಥ ಅಪಕೀರ್ತಿ ಬಂದಿತ್ತು. ಆ ನೆನಪಿನಿಂದ ಈ ಸಲ ಪರಿಹಾರದ ಕೆಲಸವನ್ನು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಗೆ ವಹಿಸಿದರು. ಅವನು ಚುರುಕಿನ ಮನುಷ್ಯ. ಕುದುರೆಯ ಮೇಲೆ ದಿನಕ್ಕೆ ಹತ್ತಾರು ಮೈಲಿ ಸುತ್ತಿ, ರಾತ್ರಿ ಕುಳಿತು ಉದ್ದುದ್ದ ವರದಿ ಬರೆಯಬಲ್ಲವನು. ಬರ್ಮಾದಿಂದ ಸುಮಾರು ೫ ಲಕ್ಷ ಟನ್ನು ಅಕ್ಕಿಯನ್ನು ತರಿಸಿದ. ದಾರಿ ಇಲ್ಲದ ಕಡೆ ದಾರಿ ಮಾಡಿಸಿ ಸಾಗಿಸಿದ. ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಡಿಮೆಯಾದರು. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಹೀಗೆ ದೊಡ್ಡದೊಂದು ಕ್ಷಾಮವನ್ನು ಸಾವಿಲ್ಲದೆ ದಾಟಿಸಿದ ನಿದರ್ಶನ ಇನ್ನೊಂದನ್ನು ಹುಡುಕುವುದು ಕಷ್ಟ.

ಇದಕ್ಕೆ ತಗುಲಿದ ವೆಚ್ಚ ಸುಮಾರು ೬೫ ಲಕ್ಷ ಪೌಂಡು. ಟೆಂಪಲನಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ. ಕೊನೆಯಲ್ಲಿ ಅಕ್ಕಿ ಮಿಕ್ಕಿತೆಂದೂ, ಅದನ್ನು ನಷ್ಟಕ್ಕೆ ಮಾರಬೇಕಾಯಿತೆಂದೂ, ಬರವೇ ಇಲ್ಲದ ಕಡೆ ಬರವನ್ನು ಕಲ್ಪಿಸಿಕೊಂಡು ಬೊಕ್ಕಸವನ್ನು ಸುರಿದನೆಂದೂ ಲಂಡನ್ನಿನ ಪತ್ರಿಕೆಗಳು ಮೂದಲಿಸಿದುವು. ಯಾರೂ ಸಾಯಲಿಲ್ಲವಾದ್ದರಿಂದ ಅಪಾಯವೇ ಇರಲಿಲ್ಲವೆಂಬುದು ಅವರ ತರ್ಕ. ವೈದ್ಯನ ಮದ್ದಿನಿಂದ ಜ್ವರ ಇಳಿದ ಮೇಲೆ, ಜ್ವರವೇ ಇರಲಿಲ್ಲ, ಮದ್ದಿನ ದುಡ್ಡು ದಂಡವಾಯಿತು ಎನ್ನುವಂಥ ಮಾತು ಇದು. ಪರಿಹಾರ ಕಾರ್ಯಕ್ಕೆ ಇರುವ ವಿಚಿತ್ರವಾದ ದೌರ್ಭಾಗ್ಯವೆಂದರೆ ಇದೇ. ಅದು ಸೋತರೆ ಹೆಣಗಳು ಸಾಕ್ಷಿ ಹೇಳುತ್ತವೆ. ಗೆದ್ದರೆ ಸಾಕ್ಷಿ ಹೇಳಲು ಖರ್ಚಿನ ಪಟ್ಟಿಯೊಂದೇ ಉಳಿಯುತ್ತದೆ.

ಟೆಂಪಲ್ ಈ ಮೂದಲಿಕೆಯನ್ನು ಮರೆಯಲಿಲ್ಲ. ಎರಡು ವರ್ಷ ಕಳೆದು ದಕ್ಷಿಣದಲ್ಲಿ ಧಾತು ಸಂವತ್ಸರದ ಮಳೆ ಕೈಕೊಟ್ಟಿತು. ಮೈಸೂರಿನಲ್ಲಿ ಅದಕ್ಕೆ ಹಿಂದಿನ ವರ್ಷವೂ ಬೆಳೆ ಅರೆಬರೆಯಾಗಿತ್ತು. ಎಂಥ ಬರಕ್ಕೂ ಆಸರೆಯಾಗುತ್ತಿದ್ದ ರಾಗಿಯ ಹಗೇವುಗಳು ಆಗಲೇ ಬರಿದಾಗತೊಡಗಿದ್ದುವು. ಬಳ್ಳಾರಿ, ಕರ್ನೂಲು, ಕಡಪ, ಸೇಲಂ, ಕೋಲಾರ, ತುಮಕೂರು ಮೊದಲಾದ ಕಡೆಗಳಲ್ಲಿ ೧೮೭೬ರ ಕೊನೆಯ ತಿಂಗಳುಗಳಲ್ಲಿಯೇ ಜನ ಊರು ಬಿಡಲು ಆರಂಭಿಸಿದರು. ಮದರಾಸಿನ ಗವರ್ನರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನು ಜಿಲ್ಲೆಜಿಲ್ಲೆಗಳಲ್ಲಿ ಕಾಮಗಾರಿಗಳನ್ನು ತೆರೆಸಿದ್ದಲ್ಲದೆ, ಒಂದು ವ್ಯಾಪಾರ ಸಂಸ್ಥೆಯ ಮೂಲಕ ಗುಟ್ಟಾಗಿ ಸುಮಾರು ೩೦ ಸಾವಿರ ಟನ್ನು ಧಾನ್ಯ ಕೊಳ್ಳಲು ಏರ್ಪಾಡು ಮಾಡಿದ. ಇದು ವೈಸರಾಯ್ ಲಿಟ್ಟನ್ನನಿಗೆ ಹಿಡಿಸಲಿಲ್ಲ. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಿದರೆ ವರ್ತಕರು ಹಿಂದೆಗೆಯುತ್ತಾರೆ. ಬೆಲೆ ಏರಿದರೆ ಧಾನ್ಯ ತಾನಾಗಿಯೇ ಬೆಲೆ ಇದ್ದ ಕಡೆಗೆ ಹರಿಯುತ್ತದೆ ಎಂಬುದು ಅವನೂ ಅವನ ಸುತ್ತಲಿನವರೂ ನಂಬಿದ್ದ ಅರ್ಥಶಾಸ್ತ್ರ. ಧಾನ್ಯ ಹರಿದದ್ದೇನೋ ನಿಜ. ಸಮುದ್ರದ ಮೇಲೆ ಮದರಾಸಿಗೂ, ಅಲ್ಲಿಂದ ರೈಲಿನಲ್ಲಿ ಬಳ್ಳಾರಿಗೂ ಬೆಂಗಳೂರಿಗೂ ಮೂಟೆಗಳು ಬಂದುವು. ಆದರೆ ಅದನ್ನು ಕೊಳ್ಳಬೇಕಾದವನ ಕೈಯಲ್ಲಿ ಕಾಸಿರಲಿಲ್ಲ. ಅದೇ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿಯೂ ಹರಿಯಿತು. ಅಲ್ಲಿ ಕೊಳ್ಳುವವರ ಕೈಯಲ್ಲಿ ಕಾಸಿತ್ತು.

೧೮೭೭ರ ಜನವರಿ ೧ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸುವ ದರ್ಬಾರು ನಡೆಯಿತು. ಬರಪೀಡಿತ ಆಧಿಪತ್ಯಗಳ ಗವರ್ನರುಗಳಿಬ್ಬರೂ ಅಲ್ಲಿದ್ದರು. ಆ ವೈಭವದ ನಡುವೆ ಬರದ ವಿಷಯದಲ್ಲಿ ಒಂದು ನಿರ್ಣಯವಾಯಿತು: ಟೆಂಪಲನನ್ನು ಭಾರತ ಸರ್ಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳುಹಿಸುವುದು. ಜೀವರಕ್ಷಣೆ ಮುಖ್ಯ, ಆದರೆ ಬೊಕ್ಕಸಕ್ಕೂ ಒಂದು ಮಿತಿಯುಂಟು ಎಂಬುದು ಅವನಿಗೆ ಕೊಟ್ಟ ಸೂಚನೆಯ ತಿರುಳು. ಬಿಹಾರದಲ್ಲಿ ಧಾರಾಳಿಯೆನಿಸಿಕೊಂಡು ಅಪಹಾಸ್ಯಕ್ಕೆ ಗುರಿಯಾದವನೇ ಈಗ ಮಿತವ್ಯಯದ ದೂತನಾಗಿ ಬಂದ. ಲಿಟ್ಟನ್ ಈ ಆಯ್ಕೆ ಮಾಡಿದ್ದು ಜಾಣತನದಿಂದ ಎನ್ನಬೇಕು. ತನ್ನ ಹೆಸರಿಗೆ ಅಂಟಿದ ದುಂದುಗಾರಿಕೆಯನ್ನು ತೊಳೆದುಕೊಳ್ಳಲು ಹವಣಿಸುವವನಿಗಿಂತ ಬಿಗಿಮುಷ್ಟಿಯ ಅಧಿಕಾರಿ ಬೇರೆ ಸಿಕ್ಕಲಾರ.

ಜನವರಿಯಲ್ಲಿ ಟೆಂಪಲ್ ಬಳ್ಳಾರಿ ಜಿಲ್ಲೆಗೆ ಬಂದ. ಕಾಮಗಾರಿಗಳಲ್ಲಿ ನೆರೆದಿದ್ದ ಜನಸಮೂಹವನ್ನು ನೋಡಿದ. ಇವರಲ್ಲಿ ಬಹುಮಂದಿ ಇನ್ನೂ ಗಟ್ಟಿಯಾಗಿದ್ದಾರೆ, ಇವರಿಗೆ ಸರ್ಕಾರದ ಕೂಲಿ ಬೇಕಾಗಿಲ್ಲ ಎಂದು ಅವನ ಕಣ್ಣಿಗೆ ಕಂಡಿತು. ದೊಡ್ಡ ಸಂಖ್ಯೆಯಲ್ಲಿ ಜನರನ್ನು ಪಟ್ಟಿಯಿಂದ ಬಿಡಿಸಿದ. ಉಳಿದವರ ಕೂಲಿಯನ್ನು ಇಳಿಸಿದ. ಅದುವರೆಗೆ ಮದರಾಸಿನಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಸುಮಾರು ಒಂದೂವರೆ ರಾತ್ತಲು ಧಾನ್ಯದ ಲೆಕ್ಕವಿತ್ತು. ಟೆಂಪಲ್ ಅದನ್ನು ಒಂದು ರಾತ್ತಲು ಧಾನ್ಯದ ಬೆಲೆ, ಮೇಲೆ ಉಪ್ಪು-ಮೆಣಸಿನಕಾಯಿಗೆ ಒಂದಿಷ್ಟು ಕಾಸು ಎಂದು ಗೊತ್ತುಮಾಡಿದ. ಮಕ್ಕಳಿಗೆ ಅದರ ಅರ್ಧದಷ್ಟು. ಇದು ಪ್ರಯೋಗವೆಂದೂ, ಸಾಲದೆಂದು ಕಂಡುಬಂದರೆ ಬದಲಾಯಿಸಬಹುದೆಂದೂ ಅವನು ಹೇಳಿದ. ಪ್ರಯೋಗಕ್ಕೆ ಒಳಗಾದ ಲಕ್ಷಾಂತರ ಮಂದಿಯನ್ನು ಯಾರೂ ಕೇಳಿರಲಿಲ್ಲವೆಂಬುದನ್ನು ಹೇಳಬೇಕಾದ್ದೇ ಇಲ್ಲ.

ಒಂದು ರಾತ್ತಲೆಂದರೆ ಇಂದಿನ ಅಳತೆಯಲ್ಲಿ ೪೫೦ ಗ್ರಾಮಿಗಿಂತ ಸ್ವಲ್ಪ ಹೆಚ್ಚು. ನೆರಳಿನಲ್ಲಿ ಕುಳಿತು ಬರೆಯುವವನಿಗೆ ಅದು ಸಾಕಾದೀತು. ಆದರೆ ಈ ರಾತ್ತಲನ್ನು ಪಡೆಯುವವನು ಮೈಲಿಗಟ್ಟಲೆ ನಡೆದು ಬಂದು, ದಿನವಿಡೀ ಮಣ್ಣು ಹೊತ್ತು, ಜಲ್ಲಿ ಒಡೆಯಬೇಕು. ಅವನಿಗೆ ದಕ್ಕುವುದು ಬಹುಮಟ್ಟಿಗೆ ಧಾನ್ಯವಲ್ಲ, ಧಾನ್ಯದ ಬೆಲೆ. ಬೆಲೆ ಗೊತ್ತುಮಾಡಿದ ದಿನಕ್ಕೂ ಕೂಲಿ ಕೈಗೆ ಬರುವ ದಿನಕ್ಕೂ ನಡುವೆ ಅಂಗಡಿಯವನ ಸೇರು ಕುಗ್ಗಿರುತ್ತದೆ. ತಂದ ಧಾನ್ಯದಲ್ಲಿ ಹೊಟ್ಟು, ಕಲ್ಲು ಹೋಗಬೇಕು. ಬೀಸಬೇಕು, ಬೇಯಿಸಬೇಕು, ಸೌದೆಗೆ ಕಾಸು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆ ರಾತ್ತಲು ಅವನೊಬ್ಬನ ಹೊಟ್ಟೆಗೆ ಹೋಗುವುದಿಲ್ಲ. ಗುಡಿಸಲಿನಲ್ಲಿ ಎದ್ದು ನಿಲ್ಲಲಾರದ ತಾಯಿ ಇದ್ದಾಳೆ. ಕೆಲಸಕ್ಕೆ ಸೇರಿಸಿಕೊಳ್ಳದಷ್ಟು ಚಿಕ್ಕ ಮಗುವಿದೆ. ಮನೆಮಂದಿಯೆಲ್ಲ ದುಡಿಯುವುದರಿಂದ ಒಟ್ಟು ಕೂಲಿ ಸೇರಿದರೆ ಸಾಕಾಗುತ್ತದೆ ಎಂದು ಕಡಿತದ ಪರವಾಗಿದ್ದವರು ವಾದಿಸಿದರು. ಕಾಗದದ ಮೇಲೆ ಸಂಸಾರವನ್ನು ಕೂಡಿಸುವುದು ಸುಲಭ. ಬರದಲ್ಲಿ ಸಂಸಾರ ಕೂಡಿಕೊಂಡಿರುವುದಿಲ್ಲ. ಗಂಡಸರು ಒಂದು ದಿಕ್ಕಿಗೆ, ಹೆಂಗಸರು ಮಕ್ಕಳು ಒಂದು ದಿಕ್ಕಿಗೆ ಎಂದು ಅದು ಮೊದಲು ಒಡೆಯುವುದೇ ಅಲ್ಲಿ.

ಈ ಒಂದು ರಾತ್ತಲಿಗೆ ಎದುರಾಗಿ ನಿಂತವನು ಮದರಾಸಿನ ಆರೋಗ್ಯ ಕಮಿಷನರಾಗಿದ್ದ ಡಾಕ್ಟರ್ ವಿಲಿಯಂ ಕಾರ್ನಿಷ್. ೧೮೭೧ರ ಮದರಾಸು ಜನಗಣತಿಯ ವರದಿಯನ್ನು ಬರೆದವನೂ ಇವನೇ. ಆ ಜಿಲ್ಲೆಗಳಲ್ಲಿ ಎಷ್ಟು ಜನರಿದ್ದರೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಅವನ ವಾದ ಸರಳವಾಗಿತ್ತು. ಮದರಾಸಿನ ಸೆರೆಮನೆಗಳಲ್ಲಿ ದುಡಿಯುವ ಕೈದಿಗೆ ಕೊಡುವ ಊಟ ಟೆಂಪಲನ ರಾತ್ತಲಿಗಿಂತ ಎಷ್ಟೋ ಹೆಚ್ಚು. ಅನುಭವದಿಂದ, ಸಾವುಗಳನ್ನು ಎಣಿಸಿ ಎಣಿಸಿ, ಆ ಪ್ರಮಾಣಕ್ಕೆ ಬಂದದ್ದು. ಕಳವು ಮಾಡಿದವನನ್ನು ಬದುಕಿಸಲು ಅಷ್ಟು ಬೇಕಾದರೆ, ಕಳವು ಮಾಡದೆ ಹಸಿದು ಬಂದವನಿಗೆ ಅದಕ್ಕಿಂತ ಕಡಿಮೆ ಹೇಗೆ ಸಾಕಾದೀತು? ಬರಿಯ ಧಾನ್ಯ ಸಾಲದು, ಬೇಳೆ-ತರಕಾರಿ ಬೇಕೆಂದೂ ಅವನು ಬರೆದ. ಹಸಿವು ಒಂದು ಹಂತವನ್ನು ದಾಟಿದ ಮೇಲೆ ಆಹಾರ ಕೊಟ್ಟರೂ ದೇಹ ಅದನ್ನು ಒಪ್ಪುವುದಿಲ್ಲವೆಂಬುದು ಆ ಕಾಲದ ವೈದ್ಯರು ಶಿಬಿರಗಳ ಆಸ್ಪತ್ರೆಗಳಲ್ಲಿ ಕಣ್ಣಾರೆ ಕಂಡ ಸಂಗತಿ. ಜೀವ ಹೋಗುವುದು ಹಸಿವಿನ ಹೆಸರಿನಲ್ಲಲ್ಲ, ಆಮಶಂಕೆ, ಭೇದಿ, ಜ್ವರಗಳ ಹೆಸರಿನಲ್ಲಿ. ಆದ್ದರಿಂದ ಹಸಿವಿನಿಂದ ಸತ್ತವರ ಪಟ್ಟಿ ಚಿಕ್ಕದಾಗಿಯೇ ಉಳಿಯುತ್ತದೆ. ವೈದ್ಯರದು ಪುಸ್ತಕದ ಸಿದ್ಧಾಂತ, ತನ್ನದು ಕಣ್ಣಿನ ಅನುಭವ ಎಂಬ ಧೋರಣೆಯಲ್ಲಿ ಟೆಂಪಲ್ ಉತ್ತರ ಕೊಟ್ಟ. ಇಬ್ಬರ ನಡುವೆ ಓಡಾಡಿದ ಬರವಣಿಗೆಗಳನ್ನು ಓದಿದರೆ, ಅವು ಸಭ್ಯವಾದ ಇಂಗ್ಲಿಷಿನಲ್ಲಿದ್ದರೂ, ಅರ್ಧ ರಾತ್ತಲಿಗಾಗಿ ಇಬ್ಬರು ದೊಡ್ಡ ಮನುಷ್ಯರು ತಕ್ಕಡಿಯ ಎರಡು ತಟ್ಟೆಗಳನ್ನು ಹಿಡಿದು ಎಳೆದಾಡುತ್ತಿರುವಂತೆ ಕಾಣುತ್ತದೆ.

ಮುಂಬಯಿ ಆಧಿಪತ್ಯದ ಕೂಲಿಗಳು ಉತ್ತರವನ್ನು ಬೇರೆ ರೀತಿಯಲ್ಲಿ ಕೊಟ್ಟರು. ಅಲ್ಲಿ ಕೂಲಿಯನ್ನು ಇಳಿಸಿದ್ದಲ್ಲದೆ, ಮನೆಯಿಂದ ೧೦ ಮೈಲಿಗಿಂತ ದೂರದ ಕಾಮಗಾರಿಗೆ ಹೋಗಬೇಕೆಂಬ ನಿಯಮವನ್ನೂ ತಂದಿದ್ದರು. ದೂರ ನಡೆಯಲು ಒಪ್ಪುವವನೇ ನಿಜವಾಗಿ ಹಸಿದವನು ಎಂಬುದು ಆ ಪರೀಕ್ಷೆಯ ಅರ್ಥ. ೧೮೭೭ರ ಆರಂಭದಲ್ಲಿ ಕೂಲಿಗಳು ಗುಂಪು ಗುಂಪಾಗಿ ಕಾಮಗಾರಿಗಳನ್ನು ಬಿಟ್ಟು ಎದ್ದರು. ಉಪವಾಸದಲ್ಲಿರುವವರು ಮುಷ್ಕರ ಹೂಡುವುದು ಲೋಕದಲ್ಲಿ ಅಪರೂಪ. ಪುಣೆಯ ಸಾರ್ವಜನಿಕ ಸಭೆ, ಅದರ ಮುಂದಾಳು ಗಣೇಶ ವಾಸುದೇವ ಜೋಶಿಯವರ ನೇತೃತ್ವದಲ್ಲಿ, ಅವರ ಪರವಾಗಿ ನಿಂತು ಸರ್ಕಾರಕ್ಕೆ ಮನವಿಗಳನ್ನು ಕಳುಹಿಸಿತು.

ಮದರಾಸಿನಲ್ಲಿ ಕಾರ್ನಿಷನ ಪಟ್ಟು ಕಡೆಗೂ ಗೆದ್ದಿತು. ಟೆಂಪಲ್ ಮುಂಬಯಿಯ ಗವರ್ನರಾಗಿ ಹೊರಟುಹೋದ ಮೇಲೆ, ಮೇ ತಿಂಗಳಲ್ಲಿ ಕೂಲಿಯ ಪ್ರಮಾಣವನ್ನು ಏರಿಸಿದರು. ಆದರೆ ಜನವರಿಯಿಂದ ಮೇವರೆಗಿನ ತಿಂಗಳುಗಳನ್ನು ಹಿಂದಕ್ಕೆ ತರುವ ಉಪಾಯ ಯಾರಲ್ಲಿಯೂ ಇರಲಿಲ್ಲ. ಸವೆದ ದೇಹಗಳೊಡನೆ ಜನ ಈಶ್ವರ ಸಂವತ್ಸರಕ್ಕೆ ಕಾಲಿಟ್ಟರು. ಆ ವರ್ಷದ ಮುಂಗಾರೂ ಹುಸಿಯಾಯಿತು.

ಇದು ನೂರೈವತ್ತು ವರ್ಷಗಳ ಹಿಂದಿನ, ಪರದೊರೆಗಳ ಕಾಲದ ವಿಚಿತ್ರವೆಂದು ತಳ್ಳಿಹಾಕುವಂತಿಲ್ಲ. ತಕ್ಕಡಿ ಹಿಡಿಯುವ ಕೈಗಳು ಬದಲಾಗಿವೆ, ಅಷ್ಟೆ. ೨೦೧೭ರಲ್ಲಿ ಮ್ಯಾನ್ಮಾರಿನ ರಖೈನ್ ಪ್ರಾಂತದಿಂದ ಸೇನೆಯ ಹಿಂಸೆಗೆ ಹೆದರಿ ೭ ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಓಡಿಬಂದರು. ಬಿದಿರು-ಪ್ಲಾಸ್ಟಿಕ್ ಹಾಳೆಗಳ ಗುಡಿಸಲುಗಳಲ್ಲಿರುವ ಅವರಿಗೆ ಹೊರಗೆ ದುಡಿಯಲು ಅನುಮತಿಯಿರಲಿಲ್ಲ. ವಿಶ್ವ ಆಹಾರ ಕಾರ್ಯಕ್ರಮ ಕೊಡುವ ಚೀಟಿಯೇ ಅನ್ನ. ತಲೆಗೆ ತಿಂಗಳಿಗೆ ೧೨ ಡಾಲರ್ ಇದ್ದ ಆ ಚೀಟಿಯ ಬೆಲೆ, ದಾನಿ ರಾಷ್ಟ್ರಗಳಿಂದ ಹಣ ಬಾರದೆ, ೨೦೨೩ರ ಮಾರ್ಚಿಯಲ್ಲಿ ೧೦ಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಮೋಕಾ ಚಂಡಮಾರುತ ಗುಡಿಸಲುಗಳ ಮೇಲೆ ಹಾಯ್ದುಹೋಯಿತು. ಜೂನಿನಲ್ಲಿ ಚೀಟಿ ಮತ್ತೆ ಇಳಿದು ೮ ಡಾಲರಾಯಿತು. ಆ ವರ್ಷದ ಕೊನೆಗೆ ಮಕ್ಕಳ ತೀವ್ರ ಅಪೌಷ್ಟಿಕತೆ, ತುರ್ತುಸ್ಥಿತಿಯ ಗೆರೆಯೆನಿಸಿದ ಶೇಕಡಾ ೧೫ನ್ನು ಮುಟ್ಟಿತು. ಮರುವರ್ಷ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ೨೦೨೫ರ ಮಾರ್ಚಿಯಲ್ಲಿ ೬ ಡಾಲರಿಗೆ ಇಳಿಸುತ್ತೇವೆಂಬ ಪ್ರಕಟಣೆ ಹೊರಟು, ಕಡೆಯ ಗಳಿಗೆಯಲ್ಲಿ ಹಣ ದೊರೆತು ತಪ್ಪಿತು. ಆ ವರ್ಷವೇ ಅಮೆರಿಕ ತನ್ನ ವಿದೇಶ ನೆರವಿನ ಸಂಸ್ಥೆಯನ್ನು ಮುಚ್ಚಿತು. ಈ ಸಲದ ಕಡಿತದ ಹಿಂದೆ ಟೆಂಪಲನಂಥ ಒಬ್ಬ ವ್ಯಕ್ತಿಯಿಲ್ಲ. ದೂರದೂರದ ರಾಜಧಾನಿಗಳ ಆಯವ್ಯಯದ ಸಾಲುಗಳಿವೆ. ವಾದಿಸಬೇಕೆಂದರೆ ಕಾರ್ನಿಷ್ ಯಾರಿಗೆ ಕಾಗದ ಬರೆಯಬೇಕೆಂಬುದೇ ತಿಳಿಯದಂತಾಗಿದೆ.

ಮತ್ತೆ ನಮ್ಮ ಈಶ್ವರ ಸಂವತ್ಸರಕ್ಕೆ ಬರೋಣ. ಮೈಸೂರು ಆಗ ಅರಸರ ಕೈಯಲ್ಲಿರಲಿಲ್ಲ. ೧೮೩೧ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ರೈಲು ಬೆಂಗಳೂರಿಗೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ತುಮಕೂರು, ಚಿತ್ರದುರ್ಗಗಳಿಗೆ ಧಾನ್ಯ ಹೋಗಬೇಕಾದದ್ದು ಎತ್ತಿನ ಗಾಡಿಯಲ್ಲಿ. ಎತ್ತುಗಳೇ ಮೇವಿಲ್ಲದೆ ದಾರಿಯಲ್ಲಿ ಬೀಳುತ್ತಿದ್ದುವು. ಮಲೆನಾಡು ಬಹುಮಟ್ಟಿಗೆ ಪಾರಾಯಿತು, ಬಯಲುಸೀಮೆ ಸುಟ್ಟುಹೋಯಿತು. ಜನ ಮೊದಲು ಪಾತ್ರೆ ಮಾರಿದರು, ಅನಂತರ ಒಡವೆ, ಅನಂತರ ಮನೆಯ ಬಾಗಿಲು, ತೊಲೆ. ಆ ವರ್ಷ ಮುಂಬಯಿಯ ಟಂಕಸಾಲೆಗೆ ಕರಗಿಸಲು ಬಂದ ಬೆಳ್ಳಿಯಲ್ಲಿ ಹೆಂಗಸರ ಒಡವೆಗಳ ಪಾಲು ವಿಪರೀತವಾಗಿ ಹೆಚ್ಚಿತು. ಬೆಂಗಳೂರಿನ ಗಂಜಿಕೇಂದ್ರಗಳ ಕಡೆಗೆ ಬಂದವರಲ್ಲಿ ಎಷ್ಟೋ ಮಂದಿ ದಾರಿಯಲ್ಲಿಯೇ ಉಳಿದರು. ಸೆಪ್ಟೆಂಬರಿನಲ್ಲಿ ಲಿಟ್ಟನ್ ಮದರಾಸಿಗೂ ಮೈಸೂರಿಗೂ ಸ್ವತಃ ಬಂದ. ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿ ಮೈಸೂರಿನ ಕ್ಷಾಮ ಕಮಿಷನರಾದ. ಅವನು ಬರೆದ ಮೈಸೂರು ಕ್ಷಾಮದ ವರದಿ ಮರುವರ್ಷ ಪ್ರಕಟವಾಯಿತು. ಆ ದಿನಗಳನ್ನು ತಿಳಿಯಬೇಕೆನ್ನುವವರಿಗೆ ಇಂದಿಗೂ ಅದೇ ಮುಖ್ಯ ಆಧಾರ. ಮಳೆ ಬಂದದ್ದೂ ಆ ಸೆಪ್ಟೆಂಬರ್-ಅಕ್ಟೋಬರಿನಲ್ಲಿಯೇ. ಮಳೆಯ ಬೆನ್ನಿಗೆ ಜ್ವರ ಬಂತು. ಬರವನ್ನು ತಡೆದುಕೊಂಡು ಬಂದಿದ್ದವರಲ್ಲಿ ಬಹುಮಂದಿಯನ್ನು ಅದು ಒಯ್ದಿತು.

ಜನಗಣತಿಯ ಪುಸ್ತಕಗಳಲ್ಲಿ ಇದರ ಲೆಕ್ಕ ಎರಡು ಸಾಲಿನಲ್ಲಿದೆ. ೧೮೭೧ರಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು ೫೦ ಲಕ್ಷದ ೫೫ ಸಾವಿರ. ೧೮೮೧ರಲ್ಲಿ ಸುಮಾರು ೪೧ ಲಕ್ಷದ ೮೬ ಸಾವಿರ. ನಡುವಿನ ಐದಾರು ವರ್ಷ ಹುಟ್ಟಿದ ಮಕ್ಕಳನ್ನು ಲೆಕ್ಕಕ್ಕೆ ಹಿಡಿದರೆ ನಷ್ಟ ಇನ್ನೂ ದೊಡ್ಡದು. ಮದರಾಸಿನಲ್ಲಿದ್ದ ಕರ್ನಲ್ ಹೂಪರ್ ಎಂಬಾತ ಬರಗಾಲದ ಜನರ ಛಾಯಾಚಿತ್ರಗಳನ್ನು ತೆಗೆದ. ಅವು ಇಂದಿಗೂ ಉಳಿದಿವೆ. ಮೂಳೆಗೂಡುಗಳಾದ ಕುಟುಂಬಗಳನ್ನು ಸಾಲಾಗಿ ಕೂರಿಸಿ ನಿಲ್ಲಿಸಿ ತೆಗೆದ ಚಿತ್ರಗಳು. ಅವುಗಳಲ್ಲಿರುವ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ.

ಸರ್ಕಾರದ ಕೈ ಬಿಗಿಯಾದಾಗ ಸಾರ್ವಜನಿಕರು ಮುಂದೆ ಬಂದರು. ೧೮೭೭ರ ಆಗಸ್ಟಿನಲ್ಲಿ ಮದರಾಸಿನಲ್ಲಿ ಸಭೆ ಸೇರಿ ಲಂಡನ್ನಿನ ಮೇಯರಿಗೆ ತಂತಿ ಕಳುಹಿಸಿದರು. ಲಿಟ್ಟನ್ನನ ಸರ್ಕಾರಕ್ಕೆ ಇದೂ ಹಿಡಿಸಲಿಲ್ಲ. ಭಿಕ್ಷೆ ಬೇಡಿದರೆ ಆಡಳಿತದ ಮಾನ ಹೋದಂತೆ. ಕೊನೆಗೆ ರಾಜಿಯಾಯಿತು. ಪ್ರಾಣ ಉಳಿಸುವ ಹೊಣೆ ಸರ್ಕಾರದ್ದು, ಪ್ರಾಣ ಉಳಿದವರನ್ನು ಮತ್ತೆ ಬಾಳುವಂತೆ ಮಾಡುವುದು ಖಾಸಗಿ ನಿಧಿಯದ್ದು ಎಂದು ಕೆಲಸ ಹಂಚಿಕೊಂಡರು. ನಿಧಿಯ ಕಾರ್ಯದರ್ಶಿಯಾಗಿದ್ದವನು ‘ಮದ್ರಾಸ್ ಟೈಮ್ಸ್’ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ. ಅವನ ಕಾರ್ಯದರ್ಶಿತ್ವದಲ್ಲಿ ವಿನಿಯೋಗವಾದ ಮೊತ್ತ ೮ ಲಕ್ಷದ ೨೦ ಸಾವಿರ ಪೌಂಡು. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಗಿರಣಿ ಊರುಗಳಿಂದ ದೊಡ್ಡ ವಂತಿಗೆ ಬಂತು. ಹದಿನೈದು ವರ್ಷದ ಹಿಂದೆ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತು ಆ ಗಿರಣಿಗಳ ಕೂಲಿಗಳು ಉಪವಾಸ ಬಿದ್ದಾಗ ಭಾರತದಿಂದ ಅವರಿಗೆ ಹಣ ಹೋಗಿತ್ತು. ಕೂಲಿಯ ಋಣವನ್ನು ಕೂಲಿ ತೀರಿಸಿದ ಈ ಪ್ರಸಂಗ ನಮ್ಮ ಪಠ್ಯಪುಸ್ತಕಗಳಲ್ಲಿ ಏಕೋ ಸೇರಿಲ್ಲ.

ಡಿಗ್ಬಿಯ ನಿಧಿ ಏನೇನು ಕೊಟ್ಟಿತೆಂಬುದು ಗಮನಿಸತಕ್ಕದ್ದು. ಬೀಜ ಕೊಟ್ಟಿತು. ಉಳುವ ಎತ್ತಿಗೆ ಹಣ ಕೊಟ್ಟಿತು. ಸೂರು ಮಾರಿಕೊಂಡವರಿಗೆ ಹೊದಿಸಲು ಕೊಟ್ಟಿತು. ಕಾಮಗಾರಿಗೆ ಹೋಗಿ ಮಣ್ಣು ಹೊರಲಾರದ, ಗಂಜಿಯ ಸಾಲಿನಲ್ಲಿ ನಿಲ್ಲಲಾರದ ಮರ್ಯಾದಸ್ಥ ಮನೆಗಳಿಗೆ ಸದ್ದಿಲ್ಲದೆ ನೆರವು ಮುಟ್ಟಿಸಿತು. ಹೆಂಗಸರಿಗೆ ಬಟ್ಟೆ ಕೊಟ್ಟಿತು. ಮೈಮೇಲೆ ಬಟ್ಟೆಯಿಲ್ಲದೆ ಗುಡಿಸಲಿನಿಂದ ಹೊರಗೆ ಬರಲಾರದವಳಿಗೆ ಊರ ಮುಂದೆ ಗಂಜಿಕೇಂದ್ರವಿದ್ದು ಏನು ಪ್ರಯೋಜನ? ಒಂದು ರಾತ್ತಲಿನ ಲೆಕ್ಕದಲ್ಲಿ ಈ ಪ್ರಶ್ನೆಗೆ ಸ್ಥಳವಿರಲಿಲ್ಲ. ಡಿಗ್ಬಿ ಮುಂದೆ ಈ ಕ್ಷಾಮದ ಕಥೆಯನ್ನು ಎರಡು ಸಂಪುಟಗಳಲ್ಲಿ ಬರೆದ. ತಾನು ಕಂಡದ್ದರ ಪ್ರಭಾವದಿಂದಲೋ ಏನೋ, ಅವನು ಜೀವಮಾನವಿಡೀ ಭಾರತದ ಬಡತನಕ್ಕೆ ಬ್ರಿಟಿಷ್ ಆಡಳಿತವೇ ಕಾರಣವೆಂದು ವಾದಿಸುತ್ತ ಹೋದ.

ಕ್ಷಾಮ ಆಯೋಗ ೧೮೮೦ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಕ್ಷಾಮ ಸಂಹಿತೆಗಳು ರೂಪುಗೊಂಡುವು. ಎಲಿಯಟ್ಟನೇ ಆಯೋಗದ ಕಾರ್ಯದರ್ಶಿ. ದುಡಿಯುವವನಿಗೆ ಬೇಕಾದ ಧಾನ್ಯದ ಪ್ರಮಾಣ ಅಲ್ಲಿ ಟೆಂಪಲನ ರಾತ್ತಲಿನಿಂದ ದೂರ ಸರಿದು ಕಾರ್ನಿಷನ ಲೆಕ್ಕದ ಹತ್ತಿರಕ್ಕೆ ಬಂತು. ಪರಿಹಾರವನ್ನು ಯಾವಾಗ ಆರಂಭಿಸಬೇಕು, ಯಾರು ಹೊಣೆ ಎಂಬುದನ್ನೆಲ್ಲ ಮುಂಚೆಯೇ ಬರೆದಿಟ್ಟುಕೊಳ್ಳುವ ಪದ್ಧತಿ ಹೀಗೆ ನಮ್ಮ ದೇಶದಲ್ಲಿ ಬಂತು. ಸ್ವತಂತ್ರ ಭಾರತದ ಬರಪರಿಹಾರದ ಕೈಪಿಡಿಗಳ ಬೇರು ಅಲ್ಲಿಯೇ ಇದೆ. ಇದನ್ನು ಆ ಆಯೋಗದ ಪಾಲಿಗೆ ಬರೆಯಲೇಬೇಕು.

ಆದರೆ ನಿಯಮಕ್ಕೆ ಹಣ ಬೇಕು. ಆ ಹಣದ ಕಥೆ ಬೇರೆ. ಮುಂದೆ ಬರುವ ಬರಗಳಿಗಾಗಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಎತ್ತಿಡುವೆವೆಂದು ೧೮೭೮ರಲ್ಲಿ ಸರ್ಕಾರ ಸಾರಿತು. ಅದಕ್ಕಾಗಿ ವೃತ್ತಿ-ವ್ಯಾಪಾರಗಳ ಮೇಲೆ ಪರವಾನಗಿ ತೆರಿಗೆಯನ್ನೂ ಕೆಲವು ಪ್ರಾಂತಗಳಲ್ಲಿ ಭೂಮಿಯ ಮೇಲೆ ಹೆಚ್ಚುವರಿ ಕರವನ್ನೂ ಹೊರಿಸಿತು. ಬರದಿಂದ ಎದ್ದವರೇ ಮುಂದಿನ ಬರದ ವಿಮೆಗೆ ಕಂತು ಕಟ್ಟಿದರೆಂದಾಯಿತು. ಅದೇ ವರ್ಷದ ನವೆಂಬರಿನಲ್ಲಿ ಲಿಟ್ಟನ್ ಅಫ್ಘಾನಿಸ್ತಾನದ ಮೇಲೆ ಯುದ್ಧಕ್ಕೆ ಹೊರಟ. ಯುದ್ಧಕ್ಕೆ ಹಣ ಬೇಕಾಯಿತು; ತೆರಿಗೆ ಉಳಿಯಿತು, ಕ್ಷಾಮದ ವಿಮೆ ನಿಂತುಹೋಯಿತು. ಪ್ರತ್ಯೇಕ ನಿಧಿಯೆಂಬುದು ಎಂದೂ ಇರಲಿಲ್ಲ, ಅದು ಆಯವ್ಯಯದ ಒಂದು ಉದ್ದೇಶ ಮಾತ್ರ ಎಂದು ಸರ್ಕಾರ ಸಮಜಾಯಿಷಿ ಹೇಳಿತು. ಇಂಗ್ಲೆಂಡಿನಲ್ಲಿ ವಿರೋಧ ಪಕ್ಷದ ಗ್ಲ್ಯಾಡ್‌ಸ್ಟನ್ ಇದನ್ನು ವಚನಭಂಗವೆಂದು ಬಹಿರಂಗ ಸಭೆಗಳಲ್ಲಿ ಖಂಡಿಸಿದ.

ಮೈಸೂರಿನ ಲೆಕ್ಕ ಇನ್ನೊಂದು ಬಗೆಯದು. ಬರಕ್ಕೆ ಮುಂಚೆ ಸಂಸ್ಥಾನದ ಬೊಕ್ಕಸದಲ್ಲಿ ಮಿಗತೆಯಿತ್ತು. ಬರದಲ್ಲಿ ಅದು ಕರಗಿ, ಭಾರತ ಸರ್ಕಾರಕ್ಕೆ ೮೦ ಲಕ್ಷ ರೂಪಾಯಿ ಸಾಲ ಉಳಿಯಿತು. ೧೮೮೧ರ ಮಾರ್ಚಿಯಲ್ಲಿ ಚಾಮರಾಜ ಒಡೆಯರಿಗೆ ರಾಜ್ಯವನ್ನು ಹಿಂದಕ್ಕೆ ಒಪ್ಪಿಸಿದಾಗ ಈ ಸಾಲವನ್ನೂ ಜೊತೆಗೆ ಒಪ್ಪಿಸಿದರು. ಬ್ರಿಟಿಷರ ಆಡಳಿತದಲ್ಲಿ ನಡೆದ ಪರಿಹಾರದ ಖರ್ಚು ಹೀಗೆ ಮೈಸೂರಿನ ರೈತನ ಹೆಸರಿಗೇ ಬಂತು. ವಾರ್ಷಿಕ ಪೊಗದಿಯನ್ನು ೩೫ ಲಕ್ಷಕ್ಕೆ ಏರಿಸಬೇಕೆಂದಿದ್ದುದನ್ನು ಮಾತ್ರ, ರಾಜ್ಯದ ಸ್ಥಿತಿಯನ್ನು ನೋಡಿ, ಕೆಲವು ವರ್ಷ ಮುಂದೆ ಹಾಕಿದರು.

ದಿವಾನ್ ರಂಗಾಚಾರ್ಲು ಅವರು ಅಧಿಕಾರ ವಹಿಸಿಕೊಂಡದ್ದು ಈ ಸಾಲದ ಪುಸ್ತಕದ ಮೇಲೆ. ಕಚೇರಿಗಳ ಖರ್ಚನ್ನು ಕತ್ತರಿಸಿದರು. ಆದರೆ ಒಂದನ್ನು ನಿಲ್ಲಿಸಲಿಲ್ಲ. ಬೆಂಗಳೂರಿನಿಂದ ಮೈಸೂರಿನವರೆಗಿನ ರೈಲುದಾರಿಯ ಮಣ್ಣಿನ ಕೆಲಸ ಆರಂಭವಾಗಿದ್ದುದೇ ಬರಪರಿಹಾರದ ಕಾಮಗಾರಿಯಾಗಿ. ಅದನ್ನು ಮುಂದುವರಿಸಿದರು. ಆ ವರ್ಷದ ಅಕ್ಟೋಬರ್ ೭ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದಾಗ, ೧೪೪ ಮಂದಿ ಪ್ರತಿನಿಧಿಗಳು ಬಂದಿದ್ದರು. ತಮ್ಮ ತಮ್ಮ ತಾಲ್ಲೂಕುಗಳಲ್ಲಿ ನಾಲ್ಕೈದು ವರ್ಷದ ಹಿಂದೆ ಏನಾಯಿತೆಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಾರಿ ಮೈಸೂರನ್ನು ಮುಟ್ಟಿದ್ದು ೧೮೮೨ರಲ್ಲಿ.